ಮೈಕು ಬೇಡ, ಅವಸರವೂ ಬೇಡ

ಬೇಸಿಗೆ ರಜೆ ಬಂತೆಂದರೆ ಅಮೆರಿಕ, ಬ್ರಿಟನ್ನಿನ ಯುವ ಗಾಯನವೃಂದಗಳು ಸಾಲ್ಜ್‌ಬರ್ಗ್, ವಿಯೆನ್ನಾಗಳ ದಾರಿ ಹಿಡಿಯುತ್ತವೆ. ಬೆಳಿಗ್ಗೆ ಮಿರಾಬೆಲ್ ಉದ್ಯಾನದಲ್ಲಿ ‘ಸೌಂಡ್ ಆಫ್ ಮ್ಯೂಸಿಕ್’ ಚಿತ್ರದ ಮೆಟ್ಟಿಲುಗಳ ಮೇಲೆ ಫೋಟೊ, ಮಧ್ಯಾಹ್ನ ಬೆಟ್ಟದ ಕೋಟೆ, ಸಂಜೆ ಕೆಥೆಡ್ರಲ್‌ನಲ್ಲಿ ಕಛೇರಿ. ಇಂಥ ಪ್ರವಾಸಕ್ಕೆ ಹಾಡುಗಳನ್ನು ಹೇಗೆ ಆರಿಸಬೇಕೆಂಬುದು ಈ ವಾರದ ವಿಷಯ.

ಮೊದಲು ಕಟ್ಟಡವನ್ನು ಕೇಳಬೇಕು. 1628ರಲ್ಲಿ ಪ್ರತಿಷ್ಠೆಗೊಂಡ ಸಾಲ್ಜ್‌ಬರ್ಗ್ ಕೆಥೆಡ್ರಲ್‌ನ ಗುಮ್ಮಟದಡಿ ನಾಲ್ಕು ಕಂಬಗಳಿಗೂ ಒಂದೊಂದು ಆರ್ಗನ್ ಇದೆ. ಅಷ್ಟು ದೊಡ್ಡ ಕಲ್ಲಿನ ಒಡಲಲ್ಲಿ ಹಾಡುವುದು ನಿಂತ ಮೇಲೂ ನಾದ ನಿಲ್ಲುವುದಿಲ್ಲ. ವೇಗದ ಹಾಡು ಎತ್ತಿಕೊಂಡರೆ ಹಿಂದಿನ ಸ್ವರ ಮುಂದಿನದರ ಮೇಲೆ ಬಿದ್ದು ಸಾಹಿತ್ಯವೇ ಅಳಿಸಿಹೋಗುತ್ತದೆ. ವಿಜಯಪುರದ ಗೋಳಗುಮ್ಮಟದಲ್ಲಿ ದನಿ ತೆಗೆದವರಿಗೆ ಇದನ್ನು ವಿವರಿಸಬೇಕಿಲ್ಲ. ತಾಲೀಮಿನ ಹೊತ್ತಿನ ಖಾಲಿ ಚರ್ಚೇ ಬೇರೆ, ಜನ ತುಂಬಿದ ಚರ್ಚೇ ಬೇರೆ. ಕೇಳುಗರ ಮೈ, ಬಟ್ಟೆ ನಾದವನ್ನು ಹೀರಿಕೊಳ್ಳುತ್ತವೆ. ಲಯವನ್ನು ಮತ್ತೆ ಹೊಂದಿಸಿಕೊಳ್ಳಬೇಕು.

ಹೀಗಿರುವಾಗ, ಹಿನ್ನೆಲೆ ಸಂಗೀತದ ರೆಕಾರ್ಡು ಹಾಕಿ, ಮೈಕು ಹಿಡಿದು, ಹೆಜ್ಜೆ ಹಾಕುತ್ತ ಹಾಡುವ ಪಂಥವನ್ನು ಕೆಥೆಡ್ರಲ್‌ನೊಳಕ್ಕೆ ತರುವುದು ತಪ್ಪು. ಆ ಶೈಲಿ ಬೆಳೆದದ್ದು ಸಭಾಂಗಣದ ವೇದಿಕೆಗಾಗಿ. ಗುಮ್ಮಟದ ಕೆಳಗೆ ಧ್ವನಿವರ್ಧಕ ಇಟ್ಟರೆ ಗದ್ದಲ ಹೆಚ್ಚುತ್ತದೆಯೇ ಹೊರತು ಸ್ಪಷ್ಟತೆಯಲ್ಲ. ಮಕ್ಕಳು ಪಕ್ಕದವರ ದನಿಗೆ ತಮ್ಮ ದನಿ ಬೆರೆಸುವುದನ್ನೂ ಕಲಿಯುವುದಿಲ್ಲ.

ಉಳಿದ ನಿಯಮಗಳನ್ನು ಬದಿಗಿಡುತ್ತೇನೆ. ಅವನ್ನೆಲ್ಲ ಒಂದೇ ಕೃತಿ ಕಲಿಸಬಲ್ಲದು: ಮೊಟ್ಸಾರ್ಟ್‌ನ ‘ಆವೆ ವೇರುಮ್ ಕೊರ್ಪುಸ್’. ವಿಯೆನ್ನಾದ ಹತ್ತಿರದ ಬಾಡೆನ್ ಊರಿನ ಚರ್ಚಿನಲ್ಲಿ ಗಾಯಕರನ್ನು ನಡೆಸುತ್ತಿದ್ದ ಗೆಳೆಯ ಆಂಟನ್ ಸ್ಟೋಲ್‌ಗಾಗಿ ಅವನು ಇದನ್ನು ರಚಿಸಿದ. ಹಸ್ತಪ್ರತಿಯ ಮೇಲಿನ ತಾರೀಖು 1791ರ ಜೂನ್ 17. ಅದೇ ವರ್ಷದ ಡಿಸೆಂಬರ್‌ನಲ್ಲಿ ಮೊಟ್ಸಾರ್ಟ್ ತೀರಿಕೊಂಡ. ನಾಲ್ಕು ಬಗೆಯ ಕಂಠ, ತಂತಿವಾದ್ಯ, ಆರ್ಗನ್. ಬರೀ 46 ಬಾರ್ (ತಾಳದ ಆವರ್ತ). ದನಿಯ ಮಟ್ಟದ ಬಗ್ಗೆ ಅವನು ಕೊಟ್ಟ ಸೂಚನೆ ಒಂದೇ, ಆರಂಭದಲ್ಲಿ: ತಗ್ಗಿದ ದನಿಯಲ್ಲಿ. ಕಂಠಗಳೆಲ್ಲ ಜೊತೆಜೊತೆಯಾಗಿ, ನಿಧಾನವಾಗಿ ಸಾಗುತ್ತವೆ. ಕೊನೆಯ ಭಾಗದಲ್ಲಿ ಮಾತ್ರ ಸ್ತ್ರೀಕಂಠಗಳು ಮುಂದೆ ಹೊರಡುತ್ತವೆ, ಪುರುಷಕಂಠಗಳು ಅವನ್ನು ಹಿಂಬಾಲಿಸುತ್ತವೆ. ಕಠಿಣ ಸ್ವರಸಂಚಾರವಿಲ್ಲದ್ದರಿಂದ ಎಳೆಯ ಕಂಠಕ್ಕೂ ನಿಲುಕುತ್ತದೆ. ಆದರೆ ಉಸಿರು ಸಾಲದಿದ್ದರೆ, ಶ್ರುತಿ ಕೂದಲೆಳೆಯಷ್ಟು ಇಳಿದರೂ, ಮರೆಮಾಚಲು ಎಡೆಯೇ ಇಲ್ಲ. ಪ್ರತಿ ಸ್ವರಮೇಳವೂ ಕಮಾನಿನವರೆಗೆ ಏರಿ ತೆಳುವಾಗುವಷ್ಟು ಅವಕಾಶ ಆ ಲಯದಲ್ಲೇ ಇದೆ.

ಪ್ರವಾಸ ಒಯ್ಯುವ ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟು. ಪಟ್ಟಿಯಿಂದ ಒಂದು ಅರಮನೆ ಕೈಬಿಡಿ, ಆ ಹೊತ್ತನ್ನು ಚರ್ಚಿನೊಳಗಿನ ತಾಲೀಮಿಗೆ ಕೊಡಿ. ಈ ಕೃತಿಯನ್ನು ಮೈಕಿಲ್ಲದೆ ಹಾಡಿಸಿ. ಊರು ನೋಡಲು ಮಕ್ಕಳು ಇನ್ನೊಮ್ಮೆ ಹೋದಾರು; ಅಲ್ಲಿ ಕೂಡಿ ಹಾಡುವ ಅವಕಾಶ ಮತ್ತೆ ಸಿಗುವುದು ಅಪರೂಪ.