ಮನೆಯೂ ಸಹವಾಸವೂ: ಐಸ್‌ಲೆಂಡಿನ ನಿದರ್ಶನದ ವಿಮರ್ಶೆ

ಪ್ರೌಢಶಾಲೆಯ ವಿದ್ಯಾರ್ಥಿಗಳನ್ನು ಮಾದಕದ್ರವ್ಯಗಳಿಂದ ದೂರವಿರಿಸುವ ಪ್ರಸ್ತಾಪ ಬಂದಾಗಲೆಲ್ಲ ಐಸ್‌ಲೆಂಡನ್ನು ಉದಾಹರಿಸುವುದು ಈಚೆಗೆ ವಾಡಿಕೆಯಾಗಿದೆ. ಅಲ್ಲಿ 15-16 ವರ್ಷದವರ ಪೈಕಿ, ಹಿಂದಿನ ಒಂದು ತಿಂಗಳಲ್ಲಿ ಅಮಲೇರುವಷ್ಟು ಕುಡಿದಿದ್ದವರು 1998ರಲ್ಲಿ ಶೇಕಡ 42. 2016ರಲ್ಲಿ ಶೇಕಡ 5. ಪ್ರತಿದಿನ ಸಿಗರೇಟು ಸೇದುವವರು 23ರಿಂದ 3ಕ್ಕೆ ಇಳಿದರು. ಗಾಂಜಾ ಸೇದಿದ್ದವರು 17ರಿಂದ 7ಕ್ಕೆ. ಅಂಕಿಗಳು ಬೆರಗುಗೊಳಿಸತಕ್ಕವು. ಆದರೆ ಅವುಗಳಿಂದ ಹೊರಡಿಸುತ್ತಿರುವ ನಿರ್ಣಯಗಳೆಲ್ಲವೂ ನಮಗೆ ಸಮ್ಮತವಲ್ಲ.

ಕಟ್ಟುನಿಟ್ಟಿನ ಕಾನೂನೇ ಇದಕ್ಕೆ ಕಾರಣವೆಂಬುದು ಒಂದು ಮತ. 13ರಿಂದ 16 ವರ್ಷದವರು ಚಳಿಗಾಲದಲ್ಲಿ ರಾತ್ರಿ 10 ಗಂಟೆಯ ಮೇಲೆ ಹಿರಿಯರ ಜೊತೆಯಿಲ್ಲದೆ ಹೊರಗಿರಕೂಡದೆಂಬ ನಿಯಮ ಅಲ್ಲಿ ಉಂಟು, ನಿಜ. ಆದರೆ ಅದು ಬರಿಯ ಕಾಗದದ ಮೇಲಿನ ನಿಯಮವಾಗದಂತೆ ನೋಡಿಕೊಂಡವರು ತಂದೆತಾಯಿಗಳು. ಶಾಲೆಗಳಲ್ಲಿ ಪೋಷಕರ ಸಂಘಗಳು ಬಲಗೊಂಡುವು. ವಾರಾಂತ್ಯದ ರಾತ್ರಿಗಳಲ್ಲಿ ಪೋಷಕರೇ ಗುಂಪುಗೂಡಿ ಬೀದಿಗಳಲ್ಲಿ ಸಂಚರಿಸಿದರು. ಹಿರಿಯರಿಲ್ಲದ ಮಕ್ಕಳ ಕೂಟಗಳಿಗೆ ಎಡೆಗೊಡೆವೆಂದು ಒಪ್ಪಂದ ಮಾಡಿಕೊಂಡರು.

ಮನೆ ಕಾಯುತ್ತದೆ, ಗೆಳೆಯರು ಕೆಡಿಸುತ್ತಾರೆ ಎಂಬುದು ಎರಡನೆಯ ಮತ. ಸಹವಾಸದೋಷದಿಂದ ಸನ್ಯಾಸಿ ಕೆಟ್ಟನೆಂಬ ಗಾದೆ ಅರ್ಧಸತ್ಯವನ್ನು ಮಾತ್ರ ಹೇಳುತ್ತದೆ. ಐಸ್‌ಲೆಂಡಿನವರು ಸಹವಾಸವನ್ನು ಕಡಿದುಹಾಕಲಿಲ್ಲ. ಅದರ ನೆಲೆಯನ್ನು ಬದಲಿಸಿದರು. ಆಟ, ಸಂಗೀತ ಮೊದಲಾದುವುಗಳ ಶುಲ್ಕಕ್ಕಾಗಿ ರೇಕ್ಯಾವಿಕ್ ನಗರವು 2007ರಿಂದ ಮಕ್ಕಳಿಗೆ ವರ್ಷಂಪ್ರತಿ ಸಹಾಯಧನ ಕೊಟ್ಟಿತು. ತಾಯಿತಂದೆಗಳು ಮಗನ ಗೆಳೆಯರನ್ನಷ್ಟೇ ಅಲ್ಲ, ಆ ಗೆಳೆಯರ ತಾಯಿತಂದೆಗಳನ್ನೂ ಅರಿತಿರಬೇಕೆಂಬುದು ಅವರ ಕ್ರಮದ ತಿರುಳು.

ಆದರೂ ಇತಿಹಾಸದ ವಿದ್ಯಾರ್ಥಿಗಳಾದ ನಾವು ಒಂದು ಎಚ್ಚರಿಕೆಯನ್ನು ಹೇಳದೆ ವಿಧಿಯಿಲ್ಲ. ಒಂದರ ಬಳಿಕ ಇನ್ನೊಂದು ಸಂಭವಿಸಿದ ಮಾತ್ರಕ್ಕೆ ಮೊದಲಿನದು ಕಾರಣವಾಗದು. ಈ ಶತಮಾನದ ಮೊದಲ ದಶಕಗಳಲ್ಲಿ ನಾರ್ವೆ, ಸ್ವೀಡನ್‌ಗಳಲ್ಲಿಯೂ ಹರೆಯದವರ ಕುಡಿತ ತಗ್ಗಿತು. ಆದುದರಿಂದ ಐಸ್‌ಲೆಂಡಿನ ಇಳಿಕೆಯೆಲ್ಲವನ್ನೂ ಅಲ್ಲಿನ ಯೋಜನೆಯ ಲೆಕ್ಕಕ್ಕೆ ಬರೆಯುವುದು ಅವಸರದ ಮಾತಾದೀತು. ಸುಮಾರು ನಾಲ್ಕು ಲಕ್ಷ ಜನರ ನಾಡಿನ ಕ್ರಮವನ್ನು ಕೋಟಿಗಟ್ಟಲೆ ಜನರ ನಾಡಿಗೆ ಹಾಗೆಯೇ ತರಲೂ ಬರುವುದಿಲ್ಲ.

ಇಷ್ಟನ್ನು ಕಳೆದ ಮೇಲೂ ಅಧ್ಯಾಪಕರಿಗೆ ಒಂದು ಪಾಠ ಉಳಿಯುತ್ತದೆ. ದಾರಿತಪ್ಪಿದ ಹುಡುಗನನ್ನು ಇತರರನ್ನು ಕೆಡಿಸುವವನೆಂದು ಶಾಲೆಯಿಂದ ಹೊರಹಾಕುವುದು ಸುಲಭ. ಹಾಗೆ ಹೊರಬಿದ್ದವನಿಗೆ ಉಳಿಯುವುದು ಬೀದಿಯ ಸಹವಾಸವೊಂದೇ. ಅವನನ್ನು ಒಳಗಿರಿಸಿಕೊಂಡು, ಅವನ ಮನೆಯವರನ್ನೂ ಅವನ ಗೆಳೆಯರ ಮನೆಯವರನ್ನೂ ಒಂದೆಡೆ ಕೂಡಿಸುವುದು ಕಷ್ಟ. ಆದರೆ ಪ್ರಯೋಜನವಿರುವುದು ಆ ಕಷ್ಟದಲ್ಲಿಯೇ ಎಂದು ನಾವು ಭಾವಿಸುತ್ತೇವೆ.