ಹೊಸ ತಳಿ ಬಂತು, ಹುಲ್ಲಿನ ಸುದ್ದಿ ಎಲ್ಲಿ?

ನವೆಂಬರ್ ಬಂತು ಅಂದ್ರೆ ಬೆಂಗಳೂರಿನ ಜಿಕೆವಿಕೆಯಲ್ಲಿ ಕೃಷಿ ಮೇಳ. ಅದರ ಹಿಂದೆ ಮುಂದೆ ಪೇಪರುಗಳಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಹೊಸ ತಳಿಗಳ ಸುದ್ದಿ. ಗಣ್ಯರು ತೆನೆ ಹಿಡ್ಕೊಂಡು ನಿಂತ ಫೋಟೋ, ಕೆಳಗೆ ನಾಲ್ಕು ಸಾಲು: ಅಧಿಕ ಇಳುವರಿ, ರೋಗ ನಿರೋಧಕ ಶಕ್ತಿ, ಹೆಕ್ಟೇರಿಗೆ ಇಷ್ಟು ಕ್ವಿಂಟಾಲ್, ರೈತರಿಗೆ ವರದಾನ. ತಳಿಯ ಹೆಸರೊಂದನ್ನು ಬದಲಾಯಿಸಿದರೆ ಹೋದ ವರ್ಷದ ಸುದ್ದಿಯನ್ನೇ ಈ ವರ್ಷವೂ ಅಚ್ಚು ಹಾಕಬಹುದು.

ನನ್ನ ತಕರಾರು ತಳಿಗಳ ಬಗ್ಗೆ ಅಲ್ಲ, ಸುದ್ದಿಯ ಬಗ್ಗೆ. ರಾಗಿಯನ್ನೇ ತಗೊಳ್ಳಿ. ಇಂಥ ಸುದ್ದಿ ಬಂದ ದಿನ ಊರಿಂದ ಅಪ್ಪನ ಫೋನ್ ಬರುತ್ತೆ. ಅವರು ಇಳುವರಿ ಕೇಳೋದೇ ಇಲ್ಲ. ಮೊದಲ ಪ್ರಶ್ನೆ, 'ಎಷ್ಟು ದಿನದ್ದು?' ಎರಡನೇದು, 'ಹುಲ್ಲು ಹೆಂಗೆ?' ಈ ಎರಡಕ್ಕೂ ಸುದ್ದಿಯಲ್ಲಿ ಉತ್ತರ ಸಿಗೋದು ಅಪರೂಪ. ಸಿಗೋ ಲೆಕ್ಕವೂ ಹೆಕ್ಟೇರಿನಲ್ಲಿ. ಒಂದು ಹೆಕ್ಟೇರು ಅಂದ್ರೆ ಸುಮಾರು 2 ಎಕರೆ 19 ಗುಂಟೆ. ನಮ್ಮ ಕಡೆ ಹೊಲವನ್ನ ಎಕರೆ ಗುಂಟೆಯಲ್ಲಿ ಅಳೀತಾರೆ, ಹೆಕ್ಟೇರನ್ನ ಯಾರೂ ಕಣ್ಣಲ್ಲಿ ಕಂಡಿಲ್ಲ.

ದಿನದ ಲೆಕ್ಕ ಯಾಕೆ ಮುಖ್ಯ ಅಂದ್ರೆ ಮಳೆ ನಮ್ಮ ಕ್ಯಾಲೆಂಡರ್ ಕೇಳಿ ಬರಲ್ಲ. ಎಂಆರ್-6 ತರದ ದೀರ್ಘಾವಧಿ ರಾಗಿ ಮಾಗೋಕೆ 120 ದಿನದ ಮೇಲೆ ಬೇಕು. ಜಿಪಿಯು-28ಕ್ಕೆ 110ರಿಂದ 115. ಜಿಪಿಯು-48 ಆದ್ರೆ ಸುಮಾರು 100. ಮಳೆ ಕೈಕೊಟ್ಟು ಬಿತ್ತನೆ ಆಗಸ್ಟ್ ಕೊನೆಗೆ ಹೋಯ್ತು ಅನ್ನಿ. ಆಗ 'ಅಧಿಕ ಇಳುವರಿ' ಅನ್ನೋ ಮಾತು ನಂಬಿ ದೀರ್ಘಾವಧಿ ತಳಿ ಬಿತ್ತಿದವನ ಬೆಳೆ ಡಿಸೆಂಬರ್ ಕೊನೆವರೆಗೂ ಹೊಲದಲ್ಲೇ ನಿಲ್ಲಬೇಕು. ಅಷ್ಟೊತ್ತಿಗೆ ಮಳೆ ನಿಂತು, ನೆಲ ಒಣಗಿ, ತೆನೆ ಜೊಳ್ಳಾಗಿರುತ್ತೆ. ತಳಿ ಒಳ್ಳೇದೇ, ವಿಜ್ಞಾನಿಯ ಲೆಕ್ಕವೂ ಸರೀನೇ. ಸುದ್ದಿ ಬರೆದವರು ಬಿಟ್ಟ ಅರ್ಧ ಸಾಲಿಗೆ ಒಬ್ಬನ ಒಂದು ವರ್ಷದ ದುಡಿಮೆ ಹೋಗುತ್ತೆ.

ಹುಲ್ಲಿನದು ಇನ್ನೊಂದು ಕತೆ. ಡೈರಿಗೆ ಹಾಲು ಹಾಕಿ ವಾರದ ಖರ್ಚು ತೂಗಿಸೋ ಮನೆಗೆ ರಾಗಿ ಅಂದ್ರೆ ಅರ್ಧ ಕಾಳು, ಅರ್ಧ ಮೆದೆ. ಗಿಡ್ಡ ತಳಿ ಕಾಳು ಜಾಸ್ತಿ ಕೊಟ್ಟು ಹುಲ್ಲು ಕಮ್ಮಿ ಕೊಟ್ಟರೆ ಅದು ಲಾಭವೋ ನಷ್ಟವೋ ಅನ್ನೋದನ್ನ ಹಸುಗಳನ್ನ ಎಣಿಸಿಯೇ ಹೇಳಬೇಕು. ಮಂಡ್ಯದ ವಿ.ಸಿ. ಫಾರಂನಿಂದ ಬಂದ ಬಿಳಿ ರಾಗಿ ಕೆಎಂಆರ್-340ರ ಬಗ್ಗೆ ನಾನು ಓದಿದ್ದರಲ್ಲೆಲ್ಲ ಬಿಸ್ಕತ್ತು, ಬೇಕರಿ ಮಾತೇ ಹೆಚ್ಚು. (ಹೆಬ್ಬಾಳದಲ್ಲಿ ಇದೇ ವಿವಿ ಬೇಕರಿ ತರಬೇತಿಯನ್ನೂ ಕೊಡುತ್ತೆ, ಒಳ್ಳೇ ಕೋರ್ಸು.) ಅದರ ಹುಲ್ಲನ್ನ ದನ ಮುಟ್ಟುತ್ತೋ ಇಲ್ವೋ ಅಂತ ಒಂದು ಸಾಲು ಕಾಣಲಿಲ್ಲ.

ಹಿಂದೆ ಹೀಗಿರಲಿಲ್ಲ. ವಿವಿ ಹುಟ್ಟಿದ್ದು 1964ರಲ್ಲಾದರೂ ಬೇರು ಇರೋದು ಹೆಬ್ಬಾಳದಲ್ಲಿ, 1899ರಲ್ಲಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಪ್ರಯೋಗಕ್ಕೆ ಅಂತ ಕೊಟ್ಟ 30 ಎಕರೆಯಲ್ಲಿ. ಆಮೇಲೆ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋದನ್ನ ಮಲೆನಾಡಿಗೆ ಕಲಿಸಿದರು. ಇವತ್ತಿಗೂ ಯಾವುದೇ ತೋಟದಲ್ಲಿ ಕೇಳಿ: ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಕಲಸಿದ ಮೇಲೆ ಕಬ್ಬಿಣದ ಚಾಕು ಅದ್ದಿ ನೋಡಬೇಕು, ಚಾಕುವಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ ಅರ್ಥ. ಅಳತೆಯೂ ಇದೆ, ತಪ್ಪಿದ್ರೆ ಹಿಡಿಯೋ ದಾರಿಯೂ ಇದೆ. ಸಂಶೋಧನೆ ಊರು ತಲುಪೋದು ಅಂದ್ರೆ ಇದು. ಜಿಪಿಯು-28 ಕೂಡ ಹಾಗೇ. ರಾಗಿ ಲಕ್ಷ್ಮಣಯ್ಯನವರು ಭಾರತ-ಆಫ್ರಿಕಾ ರಾಗಿ ಕೂಡಿಸಿ ಮಾಡಿದ ಇಂಡಾಫ್-5, ಇಂಡಾಫ್-9 ಎರಡರ ರಕ್ತವೂ ಅದರಲ್ಲಿದೆ, ಜೊತೆಗೆ ಬೆಂಕಿ ರೋಗ ತಡೆಯೋ ಗುಣ. ಅದನ್ನ ಹರಡಿದ್ದು ಪಕ್ಕದ ಹೊಲ, ಪೇಪರಿನ ಹೆಡ್ಡಿಂಗ್ ಅಲ್ಲ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಹೊಸ ವರ್ಷನ್ ಬಿಡುವಾಗ ರಿಲೀಸ್ ನೋಟ್ಸ್ ಬರೀತೀವಿ. ಅದರಲ್ಲಿ 'ನೋನ್ ಇಶ್ಯೂಸ್' ಅಂತ ಒಂದು ಭಾಗ ಇರುತ್ತೆ, ಅಂದ್ರೆ ಇದು ಎಲ್ಲಿ ಕೈಕೊಡುತ್ತೆ ಅನ್ನೋದರ ಪಟ್ಟಿ. ಆ್ಯಪ್ ಕೆಟ್ಟರೆ ಮತ್ತೆ ಇನ್‌ಸ್ಟಾಲ್ ಮಾಡ್ಕೋಬಹುದು, ಆದ್ರೂ ಬರೀತೀವಿ. ಬಿತ್ತಿದ ಬೀಜ ವಾಪಸ್ ತೆಗೆಯೋಕಾಗಲ್ಲ, ಅದಕ್ಕೆ ಆ ಪಟ್ಟಿ ಇಲ್ಲ. ವಿವಿಗೆ ಇದು ಗೊತ್ತಿಲ್ಲ ಅಂತಲ್ಲ. ಅವರ ಬೇಸಾಯ ಕ್ರಮಗಳ ಪುಸ್ತಕದಲ್ಲಿ ಯಾವ ತಳಿ ಯಾವ ತಿಂಗಳಿಗೆ ಅಂತ ಅಚ್ಚುಕಟ್ಟಾಗಿ ಇದೆ. ಮೇಳದ ತಾಕಿನಲ್ಲಿ ನಿಂತ ವಿಜ್ಞಾನಿಯನ್ನ ಕೇಳಿದರೆ ಬಾಯಿತುಂಬ ಹೇಳ್ತಾರೆ. ಪತ್ರಿಕಾ ಪ್ರಕಟಣೆ ಬರೆಯೋ ಹೊತ್ತಿಗೆ ಅದೆಲ್ಲ ಎಲ್ಲಿ ಸೋರಿ ಹೋಗುತ್ತೋ.

ಕೋರ್ಸುಗಳ ಸುದ್ದಿಗೂ ಇದೇ ರೋಗ. ಬಿಎಸ್ಸಿ ಕೃಷಿಗೆ ಎಷ್ಟು ಸೀಟು, ಎಷ್ಟು ರ‍್ಯಾಂಕಿಗೆ ಸಿಕ್ತು ಅಂತ ಕಾಲಂಗಟ್ಟಲೆ ಬರುತ್ತೆ, ಒಳಗೆ ಏನು ಕಲಿಸ್ತಾರೆ ಅಂತ ಬರಲ್ಲ. ಕೃಷಿಕರ ಕೋಟಾದಲ್ಲಿ ಸೇರಬೇಕಾದ ಹುಡುಗರಿಗೆ ಪ್ರಾಯೋಗಿಕ ಪರೀಕ್ಷೆ ಇದೆ, ಹೊಲದ ವಸ್ತುಗಳನ್ನ ಕಂಡು ಗುರುತಿಸಬೇಕು. ನಾಲ್ಕು ವರ್ಷ ಇಂಗ್ಲಿಷಿನಲ್ಲಿ ಓದಿ ಹೊರಗೆ ಬರೋ ಹೊತ್ತಿಗೆ ಅದೇ ಹುಡುಗನಿಗೆ ಆ ಬೀಜದ ಬಗ್ಗೆ ಅಪ್ಪನಿಗೆ ಅರ್ಥವಾಗೋ ಹಾಗೆ ಒಂದು ಪುಟ ಬರೆಯೋಕೆ ಬರುತ್ತಾ ಅಂತ ಯಾರೂ ಪರೀಕ್ಷೆ ಮಾಡಲ್ಲ.

ಕೊನೇ ವರ್ಷ ಈ ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ಉಳಿದು ಕಲೀತಾರೆ. ಜಾತ್ರೆ ಮಾಡಿದ ಹಾಗೆ ಒಂದು ವಸ್ತುಪ್ರದರ್ಶನ, ಅಂಗಳದ ತುಂಬ ಬಣ್ಣದ ಪುಡಿಯಲ್ಲಿ ಊರಿನ ನಕ್ಷೆ, ಫೋಟೋ. ಅದರ ಜೊತೆಗೆ ಒಬ್ಬೊಬ್ಬರೂ ಒಂದೊಂದು ತಳಿಯ ಬಗ್ಗೆ ಒಂದು ಪುಟ ಬರೀಲಿ, ಕನ್ನಡದಲ್ಲಿ: ಎಷ್ಟು ದಿನ, ಯಾವ ಮಳೆಗೆ ಬಿತ್ತಬೇಕು, ಎಕರೆಗೆ ಎಷ್ಟು, ಹುಲ್ಲು ಎಷ್ಟು, ಯಾವಾಗ ಬಿತ್ತಲೇಬಾರದು. ಬರೆದದ್ದನ್ನ ಡೈರಿ ಗೋಡೆಗೆ ಅಂಟಿಸಲಿ. ಬೆಳಿಗ್ಗೆ ಹಾಲು ಹಾಕೋಕೆ ಬಂದೋರು ಕ್ಯಾನ್ ಕೆಳಗಿಟ್ಟು ಓದ್ತಾರೆ. ತಪ್ಪಿದ್ರೆ ಅಲ್ಲೇ ನಿಂತು ಹೇಳ್ತಾರೆ, ಮಾರ್ಕ್ಸನ್ನ ಅವರೇ ಹಾಕಲಿ.