ಸಗಣಿಯ ಅಂಗಳ, ಕನ್ನಡಿಯ ಗೋಡೆ

ಹಾನಗಲ್ ತಾಲೂಕಿನ ಆಡೂರಿನಂಥ ಊರುಗಳಲ್ಲಿ ಸಗಣಿ ಸಾರಿಸಿದ ಅಂಗಳವನ್ನು ನಾವು ಯಾರೂ ಕಲೆಯೆಂದು ಕರೆದವರಲ್ಲ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅದೇ ಸಗಣಿಯನ್ನು ಗ್ಯಾಲರಿಯೊಳಗೆ ತಂದರು. ತಂದ ಕಾಲವನ್ನು ಮರೆಯಬಾರದು. 1992-93ರ ಮುಂಬೈ ಗಲಭೆಗಳ ಹಿಂಸೆಗೆ ಕ್ಯಾನ್ವಾಸಿನ ಬಣ್ಣ ಸಾಲದೆನಿಸಿದಾಗ, ಜನ ಪವಿತ್ರವೆನ್ನುವ, ಹೆಂಗಸರು ದಿನವೂ ಬಳಿಯುವ ವಸ್ತುವಿಗೆ ಅವರು ಕೈ ಹಾಕಿದರು. ‘ನನ್ನ ನೋವನ್ನು ಅವನಿಗೆ ಹೇಳು’ ಎಂಬರ್ಥದ 1998ರ ಕೃತಿಯಲ್ಲಿ ಸೂಜಿಗಣ್ಣುಗಳನ್ನು ಹಾದುಬಂದ ದಾರಗಳೇ ಹಗ್ಗವಾಗಿ ಕುಂಕುಮದಲ್ಲಿ ನೆನೆದಿವೆ. ತುದಿಯಲ್ಲಿ ಸೂಜಿಗಳ ಗೊಂಚಲು. ದೂರಕ್ಕೆ ಅಲಂಕಾರ, ಹತ್ತಿರ ಹೋದರೆ ಕರುಳು. ಅಲ್ಲಿ ಘೋಷಣೆಯಿಲ್ಲ, ಅದಕ್ಕೇ ನಾಟುತ್ತದೆ.

ಕನ್ನಡಿಯಲ್ಲಿ ಇಂಥ ಕೆಲಸ ಮಾಡಿದವರು ಇರಾನಿನ ಮುನೀರ್ ಫರ್ಮಾನ್‌ಫರ್ಮಾಯಾನ್ (1922-2019). ಶೀರಾಜಿನ ಶಾಹ್ ಚಿರಾಗ್ ದರ್ಗಾದ ಕನ್ನಡಿ ಗೋಡೆಗಳಿಗೆ ಮನಸೋತು ಅವರು ಷಟ್ಕೋನಗಳ ಲೆಕ್ಕದಲ್ಲಿ ಚೂರು ಜೋಡಿಸಿದರು. ಅವುಗಳೆದುರು ನಮ್ಮ ಮುಖ ಇಡಿಯಾಗಿ ಸಿಗದು, ಪಕ್ಕದವರ ಮುಖದೊಡನೆ ಬೆರೆತುಹೋಗುತ್ತದೆ. ಅನೀಶ್ ಕಪೂರರ ಶಿಕಾಗೋದ ಥಳಥಳಿಸುವ ಉಕ್ಕಿನ ‘ಕ್ಲೌಡ್ ಗೇಟ್’ ಎದುರು ಜನ ತಮ್ಮ ಫೋಟೋ ತೆಗೆದುಕೊಂಡು ಹೊರಡುತ್ತಾರೆ. ನಮಗದು ಅಷ್ಟಾಗಿ ಹಿಡಿಸದು.

ಮುನೀರರಿಗೆ ಗಾಜು ಕತ್ತರಿಸಿಕೊಟ್ಟ ಉಸ್ತಾದ್ ಹಾಜಿ ಮುಹಮ್ಮದ್ ನವೀದರ ಹೆಸರು ಉಳಿದಿದೆ. ನಮ್ಮ ಲಂಬಾಣಿ ಕಸೂತಿಯ ಕನ್ನಡಿಬಿಲ್ಲೆಗಳ ಕೆಳಗೆ ಹೊಲಿದವಳ ಹೆಸರು ಕಾಣುವುದು ಅಪರೂಪ.